ಚಿತ್ರ ಮೊದಲೋ, ಆಟ ಮೊದಲೋ?

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ. ಎಲ್. ರೈಸರು ಅದನ್ನು ಬೆಳಕಿಗೆ ತಂದರು. ಆದರೆ ಅಪ್ಪ ಅಮ್ಮಂದಿರ ಕೈಹಿಡಿದು ಬೆಟ್ಟವೇರುವ ಮಕ್ಕಳಿಗೆ ಅಶೋಕನಿಗಿಂತ ಜಟಾಯುವೇ ಹತ್ತಿರದವನು. ರಾವಣನನ್ನು ತಡೆದ ಆ ಮುದಿ ಹಕ್ಕಿ ಬಿದ್ದದ್ದು ಇಲ್ಲಿಯೇ ಎಂಬುದು ಸ್ಥಳದವರ ನಂಬಿಕೆ. ಜಟಾಯು ಹೇಗಿದ್ದನೆಂದು ಆ ಮಕ್ಕಳನ್ನು ಕೇಳಿ ನೋಡಿ: ಕತ್ತರಿಸಿದ ರೆಕ್ಕೆ, ಮೇಲೆತ್ತಿದ ಕತ್ತಿ, ಮುಖ ಮುಚ್ಚಿಕೊಂಡ ಸೀತೆ! ಉತ್ತರ ಸಿದ್ಧವಾಗಿಯೇ ಇರುತ್ತದೆ. ಅದನ್ನು ಕಲಿಸಿದವನು ವಾಲ್ಮೀಕಿಯಲ್ಲ, ರವಿವರ್ಮ. ಅವನ ಕುಂಚದಿಂದ ಇಳಿದ ಚಿತ್ರ ಕ್ಯಾಲೆಂಡರಿನ ಮೂಲಕ ಗೋಡೆಗೆ ಬಂದಿತು, ಗೋಡೆಯಿಂದ ಮನಸ್ಸಿಗೆ ಇಳಿಯಿತು.

ತೊಗಲು ಗೊಂಬೆಯಾಟದವರು ಈ ಗುಟ್ಟನ್ನು ಬಹು ಹಿಂದೆಯೇ ಬಲ್ಲರು. ಹದಮಾಡಿದ ತೊಗಲನ್ನು ಕತ್ತರಿಸಿ, ರಂಧ್ರ ಕೊರೆದು, ಬಣ್ಣ ಹಚ್ಚಿ, ದೀಪದ ಮುಂದೆ ಪರದೆಗೆ ಒತ್ತಿ ಹಿಡಿಯುತ್ತಾರೆ. ಕನ್ನಡನಾಡಿನ ಈ ಗೊಂಬೆಗಳಲ್ಲಿ ದೇವತೆಗಳೂ ಅರಸರೂ ದೊಡ್ಡವರು, ಸೇವಕರು ಚಿಕ್ಕವರು. ಗಾತ್ರ ನಿಶ್ಚಯವಾದರೆ ದನಿಯೂ ನಿಶ್ಚಯವಾದಂತೆ. ಹತ್ತು ತಲೆಯ ರಾವಣ ಪರದೆ ತುಂಬಿ ನಿಂತಾಗ ಸೂತ್ರಧಾರನು ಪಿಸುಗುಟ್ಟಲಾರ; ಕಿಳ್ಳೇಕ್ಯಾತ ಕುಣಿದು ಬಂದಾಗ ಗಂಭೀರನಾಗಿ ಉಳಿಯಲಾರ.

ಕಡಲಾಚೆಯ ಹೊಸ ಆಟವೊಂದರ ಕಥೆಯೂ ಇದೇ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬನು ಸೂತ್ರಧಾರನಾಗಿ ಕಥೆ ನಡೆಸಿದರೆ, ಉಳಿದವರು ವೀರರೂ ಮಾಂತ್ರಿಕರೂ ಆಗುತ್ತಾರೆ. ಗೆಲುವು ಸೋಲು ದಾಳದ ಕೈಯಲ್ಲಿ. ಅದರಲ್ಲಿ ಲೋಹಕ್ಕೆ ತುಕ್ಕು ಹಿಡಿಸಿ ತಿನ್ನುವ ಒಂದು ಭೂತವಿದೆ. ಅದರ ಮೂಲವು ಒಂದು ಅಗ್ಗದ ಪ್ಲಾಸ್ಟಿಕ್ ಆಟಿಕೆ! ರೂಪ ಮೊದಲು ಸಿಕ್ಕಿತು. ಗುಣ ಆಮೇಲೆ ಹುಟ್ಟಿತು. 1991ರಲ್ಲಿ ಬಂದ ‘ಡಾರ್ಕ್ ಸನ್’ ಎಂಬ ಮರುಭೂಮಿಯ ಜಗತ್ತಿಗಾಗಿ ಬ್ರಾಮ್ ಎಂಬ ಕಲಾವಿದನು ಚಿತ್ರ ಬರೆಯುತ್ತ ಹೋದಂತೆ, ಅವನು ಬರೆದ ಪಾತ್ರಗಳನ್ನು ಲೇಖಕರು ಕಥೆಯೊಳಕ್ಕೆ ಸೇರಿಸಿಕೊಂಡರು. ಮೂಳೆಯ ಆಯುಧ, ಬಿಸಿಲಿನಲ್ಲಿ ಬೆಂದ ಮೈ: ಇವನ್ನು ಕಂಡವನು ಆ ಆಟದಲ್ಲಿ ನೀರಿಗಾಗಿ ಹೋರಾಡದೆ ಇರುವನೆ?

ಇಷ್ಟಾದ ಮೇಲೆ ಒಂದು ಅಂಜಿಕೆ ಉಳಿಯುತ್ತದೆ. ಚಿತ್ರವು ಕಲ್ಪನೆಗೆ ಮೈ ಕೊಡುತ್ತದೆ, ನಿಜ. ಆದರೆ ಉಳಿದ ಮೈಗಳನ್ನೆಲ್ಲ ಮೆಲ್ಲನೆ ಕಸಿದುಕೊಳ್ಳುತ್ತದೆ. ಒಬ್ಬನೇ ಜಟಾಯುವನ್ನು ಕಂಡ ಮಗು ಎರಡನೆಯ ಜಟಾಯುವನ್ನು ಬರೆಯುವುದಿಲ್ಲ. ಬೆಂಕಿಯುಗುಳುವ ವಿಲಾಯತಿ ಸರ್ಪವನ್ನೇ ನೋಡುತ್ತ ಬೆಳೆದ ಮಗುವಿಗೆ ಚಳ್ಳಕೆರೆಯ ಕಾವಲಿನ ಕೃಷ್ಣಮೃಗ ಬರಿಯ ಜಿಂಕೆಯಾಗಿಬಿಡುತ್ತದೆ.

ಮದ್ದು ಚಿತ್ರವನ್ನು ಮರೆಮಾಡುವುದರಲ್ಲಿಲ್ಲ. ಇನ್ನೂ ನಾಲ್ಕು ಚಿತ್ರ ಬರೆಯುವುದರಲ್ಲಿದೆ. ಮ್ಯಾಸಬೇಡರ ದೇವರ ಎತ್ತುಗಳನ್ನು ಮೇಯಿಸುವ ಕಿಲಾರಿಯೂ ಒಬ್ಬ ವೀರನಾಗಬಲ್ಲ. ಮೊಳಕಾಲ್ಮೂರಿನ ಸೀರೆಯ ಅಂಚಿನಲ್ಲಿ ನಿಂತ ನವಿಲು ಮಂತ್ರ ಬಲ್ಲ ಪಕ್ಷಿಯಾಗಬಲ್ಲುದು. ಈ ಬಿಸಿಲು ನೆಲದ ಮಕ್ಕಳು ಅವರ ಚಿತ್ರಗಳನ್ನು ತಾವೇ ಬರೆದು ಮೇಜಿನ ಮೇಲೆ ಹರಡಲಿ. ದಾಳ ಯಾರದಾದರೂ ಆಗಲಿ, ಆಟ ಅವರದಾಗುತ್ತದೆ.