ಜಾತಿ ಕೇಳಿದ ವೈದ್ಯರು

ಭಾಲ್ಕಿಯ ಹಿರಿಯ ವರ್ತಕರೊಬ್ಬರು 2018ರ ಚಳಿಗಾಲದಲ್ಲಿ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗೆಂದು ಬೀದರ ನಗರದ ಆಸ್ಪತ್ರೆಯೊಂದಕ್ಕೆ ದಾಖಲಾದರು. ಹಿಂದಿನ ಸಂಜೆ ಅರಿವಳಿಕೆ ಕೊಡುವ ತರುಣ ವೈದ್ಯರು ಬಂದು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಟ್ಟಿಸಿಕೊಂಡ ಹಲ್ಲು ಮುಂತಾದವುಗಳನ್ನೆಲ್ಲ ವಿಚಾರಿಸಿ ಬರೆದುಕೊಂಡು, ಕೊನೆಗೆ ತಲೆಯೆತ್ತದೆಯೇ, "ನಿಮ್ಮ ಜಾತಿ ಯಾವುದು?" ಎಂದರು. ವರ್ತಕರ ಮುಖ ಬಿಗಿಯಿತು. "ಕೋಮಟಿ" ಎಂಬ ಶಬ್ದವನ್ನು ಜಿಪುಣತನಕ್ಕೆ ಪರ್ಯಾಯವಾಗಿ ಬಳಸುವ ನಗೆಮಾತುಗಳನ್ನು ಬಾಲ್ಯದಿಂದಲೂ ಕೇಳಿ ಬೆಳೆದವರು ಅವರು. ಆಸ್ಪತ್ರೆಯ ಹಾಸಿಗೆಯ ಮೇಲೂ ಆ ಮಾತು ಬೆನ್ನುಬಿಡಲಿಲ್ಲವೆಂದು ನೊಂದುಕೊಂಡರು. "ಜಾತಿ ತಗೊಂಡು ಏನ್ ಮಾಡ್ತೀರಿ ಡಾಕ್ಟರ್ ಸಾಹೇಬ್ರ? ನಮ್ದು ಕಿರಾಣಿ ಅಂಗಡಿ ಅದ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದರು. ವೈದ್ಯರು ಮತ್ತೆ ಕೇಳಲಿಲ್ಲ. ಏಕೆ ಕೇಳಿದೆನೆಂದು ಹೇಳಲೂ ಇಲ್ಲ.

ಮರುದಿನ ಶಸ್ತ್ರಚಿಕಿತ್ಸೆ ಒಂದು ಗಂಟೆಯಲ್ಲಿ ಮುಗಿಯಿತು. ಆದರೆ ಉಸಿರು ಮರಳಲಿಲ್ಲ. ಐದು ಗಂಟೆಗಳ ಕಾಲ ಅವರನ್ನು ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸಿಡಲಾಯಿತು. ಪಡಸಾಲೆಯಲ್ಲಿ ಕುಳಿತ ಮನೆಯವರಿಗೆ "ಸ್ವಲ್ಪ ತಡ ಆಗ್ತದ" ಎಂಬ ಮಾತನ್ನು ಬಿಟ್ಟು ಬೇರೇನೂ ತಿಳಿಯಲಿಲ್ಲ. ಆ ಅವಧಿಯ ಕೊನೆಯ ಭಾಗ ವರ್ತಕರಿಗೆ ನೆನಪಿದೆ. ಯಾರೋ ಚಹಾ ತರಲು ಹೇಳಿದ್ದು ಕೇಳಿಸಿತು. ತಮಗೆ ಎಚ್ಚರವಾಗಿದೆಯೆಂದು ತಿಳಿಸಲು ಕಣ್ಣಿನ ರೆಪ್ಪೆಯನ್ನು ಕೂಡ ಎತ್ತಲಾಗಲಿಲ್ಲ. ಸಂಜೆಯ ಹೊತ್ತಿಗೆ ಬೆರಳುಗಳು ಅಲುಗಾಡಿದವು.

ನಡೆದದ್ದು ಇಷ್ಟು. ಗಂಟಲಿನ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಲು ಸ್ನಾಯುಗಳನ್ನು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿಯನ್ನು 1951ರಿಂದಲೂ ಬಳಸುತ್ತ ಬರಲಾಗಿದೆ. ವೈದ್ಯರು ಅದನ್ನು ಸ್ಕೋಲಿನ್ ಎನ್ನುತ್ತಾರೆ. ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿಯನ್ನು ಪಡೆದವರಲ್ಲಿ ಈ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ಅವರಲ್ಲಿ ನಿಮಿಷಗಳ ಪರಿಣಾಮ ಗಂಟೆಗಳವರೆಗೆ ಉಳಿಯುತ್ತದೆ. ಯಂತ್ರವಿದ್ದರೆ ಜೀವ ಉಳಿಯುತ್ತದೆ. ವಿಶೇಷವೆಂದರೆ, ಈ ಕೊರತೆಯುಳ್ಳವರು ಉಳಿದಂತೆ ಪೂರ್ಣ ಆರೋಗ್ಯವಂತರು. ಆ ಔಷಧಿ ಮೈಗೆ ಸೇರುವ ತನಕ ಅವರಿಗೂ ಇದರ ಸುಳಿವಿರುವುದಿಲ್ಲ.

ವೈಶ್ಯ ಸಮುದಾಯದಲ್ಲಿ ಈ ಕೊರತೆ ಹೆಚ್ಚೆಂಬುದು ದಕ್ಷಿಣದ ಅರಿವಳಿಕೆ ವೈದ್ಯರಿಗೆ ಅನುಭವದಿಂದ ತಿಳಿದಿತ್ತು. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು ಹೊರದೇಶದ ಸಹೋದ್ಯೋಗಿಗಳೊಡನೆ 2006ರಲ್ಲಿ ಈ ಸಮುದಾಯದಲ್ಲಿ ಕಂಡುಬರುವ ನಿರ್ದಿಷ್ಟ ವಂಶವಾಹಿ ದೋಷವೊಂದನ್ನು ಗುರುತಿಸಿದರು. ಹೈದರಾಬಾದಿನ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳೂ ಸೇರಿದ್ದ 2017ರ ಅಧ್ಯಯನವೊಂದು, ಮೂವತ್ತು ಲಕ್ಷಕ್ಕೂ ಮಿಕ್ಕಿದ ವೈಶ್ಯರಲ್ಲಿ ಈ ಕೊರತೆ ಇತರರಿಗಿಂತ ಸುಮಾರು ನೂರು ಪಟ್ಟು ಹೆಚ್ಚೆಂದು ಉಲ್ಲೇಖಿಸಿತು. ಇದು ಯಾರ ತಪ್ಪಿನ ಫಲವೂ ಅಲ್ಲ. ಬಹು ಹಿಂದೆ ಸಣ್ಣ ಗುಂಪಾಗಿ ಮೊದಲಾದ ಜನ ಶತಮಾನಗಳ ಕಾಲ ತಮ್ಮೊಳಗೇ ಹೆಣ್ಣು ಕೊಟ್ಟು ತಂದರೆ ಯಾವ ಸಮುದಾಯದಲ್ಲಾದರೂ ಇಂತಹದೊಂದು ಉಳಿದುಬರುತ್ತದೆ. ಅದೇ ಅಧ್ಯಯನವು ಪರಿಶೀಲಿಸಿದ 263 ಗುಂಪುಗಳ ಪೈಕಿ 81ರಲ್ಲಿ ಇಂತಹ ಮೂಲಪ್ರಭಾವ ಯುರೋಪಿನ ಯಹೂದಿಯರಿಗಿಂತಲೂ ಫಿನ್ ಜನರಿಗಿಂತಲೂ ಬಲವಾಗಿತ್ತು.

ಹಾಗಾದರೆ ವೈದ್ಯರು ಜಾತಿ ಕೇಳಿದ್ದು ಸರಿಯೇ? ಕೇಳಿದ್ದು ಸರಿ, ಕೇಳಿದ ಬಗೆ ಸರಿಯಲ್ಲ. "ಕೆಲವು ಮನೆತನಗಳಲ್ಲಿ ಒಂದು ಔಷಧಿ ಒಗ್ಗುವುದಿಲ್ಲ, ಅದಕ್ಕಾಗಿ ಕೇಳುತ್ತಿದ್ದೇನೆ" ಎಂಬ ಒಂದು ವಾಕ್ಯ ಮುಂದಿದ್ದರೆ ವರ್ತಕರು ಮುಚ್ಚಿಡುತ್ತಿರಲಿಲ್ಲ. ರೊಕುರೋನಿಯಂನಂತಹ ಬೇರೆ ಔಷಧಿ ಬಳಸಬಹುದಾಗಿತ್ತು. ಅಲ್ಲದೆ ಜಾತಿ ಇಲ್ಲಿ ಒಂದು ಸೂಚನೆ ಮಾತ್ರ. ವೈಶ್ಯರಲ್ಲಿ ಬಹುಪಾಲು ಜನರಿಗೆ ಈ ಕೊರತೆಯಿಲ್ಲ. ಇತರ ಜಾತಿಯವರಲ್ಲಿ ಇರಲಾರದೆಂದೂ ಇಲ್ಲ. ಹೆಸರನ್ನು ನೋಡಿ ಊಹಿಸುವುದಂತೂ ಇನ್ನೂ ಅಪಾಯ. ಕರ್ನಾಟಕದಲ್ಲಿ "ಶೆಟ್ಟಿ" ಎಂದರೆ ವೈಶ್ಯರೂ ಆಗಬಹುದು, ಬಂಟರೂ ಆಗಬಹುದು, ಜೈನರೂ ಆಗಬಹುದು. ನಿಜವನ್ನು ಹೇಳುವುದು ಆಯಾ ವ್ಯಕ್ತಿಯ ರಕ್ತವೇ.

ರೋಗಿಯ ಶಂಕೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತೆಯೂ ಇಲ್ಲ. ಮಲೇರಿಯಾದ ಪ್ರೈಮಾಕ್ವಿನ್ ಮಾತ್ರೆ ಕೆಲವರಲ್ಲಿ ರಕ್ತಕಣಗಳನ್ನು ಒಡೆಯುತ್ತದೆಂಬುದರ ಕಾರಣ 1956ರಲ್ಲಿ ಬೆಳಕಿಗೆ ಬಂದಿತಾದರೂ, ಆ ಅರಿವಿನ ಹಿಂದೆ ಅಮೆರಿಕದ ಇಲಿನಾಯ್ ಪ್ರಾಂತದ ಸ್ಟೇಟ್‌ವಿಲ್ ಸೆರೆಮನೆಯ ಕೈದಿಗಳ ಮೇಲೆ, ಅವರಲ್ಲೂ ಕಪ್ಪು ಜನಾಂಗದವರ ಮೇಲೆ, ನಡೆದ ಪ್ರಯೋಗಗಳಿದ್ದವು. ಅದೇ ದೇಶ 2005ರಲ್ಲಿ ಬೈಡಿಲ್ ಎಂಬ ಹೃದ್ರೋಗದ ಔಷಧಿಗೆ ತಮ್ಮನ್ನು ಕಪ್ಪು ಜನಾಂಗದವರೆಂದು ಹೇಳಿಕೊಳ್ಳುವವರಿಗಾಗಿ ಒಪ್ಪಿಗೆ ನೀಡಿತು. ಯಾವ ವಂಶವಾಹಿಯ ಪರೀಕ್ಷೆಯನ್ನೂ ಕೇಳಲಿಲ್ಲ. ಗುಂಪಿನ ಹೆಸರಿನಲ್ಲಿ ಮದ್ದು ಬಂದಾಗ ಆ ಗುಂಪಿನವರು ಎರಡು ಸಲ ಯೋಚಿಸುವುದು ಸಹಜವೇ.

ಹೈದರಾಬಾದಿಗೆ ಕಳುಹಿಸಿದ ರಕ್ತದ ವರದಿ ಬಂದ ಮೇಲೆ ಅದೇ ತರುಣ ವೈದ್ಯರು ವರ್ತಕರ ಬಳಿ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದರು. ಒಡಹುಟ್ಟಿದ ಪ್ರತಿಯೊಬ್ಬರಲ್ಲೂ ಇದು ಇರುವ ಸಂಭವ ನಾಲ್ಕರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲವೆಂದೂ, ಎಲ್ಲರೂ ಪರೀಕ್ಷಿಸಿಕೊಳ್ಳುವುದು ಒಳಿತೆಂದೂ ತಿಳಿಸಿ, ಒಂದು ಚೀಟಿ ಬರೆದುಕೊಟ್ಟರು. ಅದರಲ್ಲಿ ಹೆಸರು, ರಕ್ತದ ಗುಂಪು ಮತ್ತು "ಸಕ್ಸಿನೈಲ್‌ಕೋಲಿನ್ ಕೊಡಕೂಡದು" ಎಂಬ ಸೂಚನೆ ಇದ್ದವು. ಜಾತಿ ಇರಲಿಲ್ಲ.

ವರ್ತಕರ ತಮ್ಮ ಔರಾದದಲ್ಲಿದ್ದಾರೆ. ಅವರು ತಂದುಕೊಂಡದ್ದು ಸ್ವಂತ ಅಕ್ಕನ ಮಗಳನ್ನು. ಆದುದರಿಂದ ಆ ಮನೆಯ ಮಕ್ಕಳ ವಿಷಯದಲ್ಲಿ ಕಳವಳ ಇನ್ನೂ ಹೆಚ್ಚು. ಅಣ್ಣ ಹೋಗಿ ಹೇಳಿದಾಗ ತಮ್ಮ ಒಪ್ಪಲಿಲ್ಲ. "ಅಣ್ಣಾ, ನಿನಗ ವಯಸ್ಸಾಗ್ಯದ, ನಿನಗ ಯಾರು ಕೇಳ್ತಾರ? ನನ್ನ ಮಗಳದು ಇನ್ನ ಲಗ್ನ ಆಗಬೇಕು. ರಕ್ತದಾಗ ದೋಷ ಅದ ಅಂತ ಒಂದು ಮಾತು ಹೊರಗ ಬಿತ್ತಂದ್ರ ಮುಗೀತು." ಅಣ್ಣ ಬಹಳ ಹೊತ್ತು ಸುಮ್ಮನಿದ್ದು, "ನಾಳೆ ಹೆರಿಗಿಗಿ ಅವಸರದಾಗ ಹೊಟ್ಟಿ ಕೊಯ್ಯೋ ಪ್ರಸಂಗ ಬಂದ್ರ, ಆಗ ಆ ಡಾಕ್ಟರಿಗಿ ಯಾರು ಹೇಳೋರು?" ಎಂದರು. ಉತ್ತರ ಬರಲಿಲ್ಲ. ತಮ್ಮನ ಭಯ ಸುಳ್ಳಿನದಲ್ಲ. ಸಂಬಂಧ ಮುರಿಯಲು ಇದಕ್ಕಿಂತ ಸಣ್ಣ ಕಾರಣಗಳೂ ಸಾಕಾಗಿದ್ದನ್ನು ಅಣ್ಣನೂ ಕಂಡಿದ್ದರು.

ಬೀದರದಲ್ಲಿ ಪದವಿ ಓದುತ್ತಿದ್ದ ಆ ಮಗಳು ಎರಡು ತಿಂಗಳ ತರುವಾಯ ಒಬ್ಬಳೇ ಭಾಲ್ಕಿಗೆ ಬಂದು, ಪರೀಕ್ಷೆಗೆ ಎಲ್ಲಿ ಕೊಡಬೇಕೆಂದು ಕೇಳಿದಳು. ಮೊದಲು ಅಪ್ಪನಿಗೆ ಹೇಳೆಂದು ದೊಡ್ಡಪ್ಪ ಒತ್ತಾಯಿಸಿದರು. ವರದಿ ಬಂದ ಮೇಲೆ ತಾನೇ ಹೇಳುವೆನೆಂದಳು. ಪ್ರಾಯಕ್ಕೆ ಬಂದ ಹೆಣ್ಣುಮಗಳು; ರಕ್ತ ಅವಳದು. ದೊಡ್ಡಪ್ಪ ಜೊತೆಯಲ್ಲಿ ಹೋದರು.

ವರದಿ ಬಂದ ದಿನ ಪ್ರಯೋಗಾಲಯದ ಮೆಟ್ಟಿಲ ಮೇಲೆ ನಿಂತು ಅವಳೇ ಅದನ್ನು ಓದಿ, ಮಡಚಿ ಚೀಲದಲ್ಲಿಟ್ಟುಕೊಂಡಳು. ದೊಡ್ಡಪ್ಪ ಏನಿದೆಯೆಂದು ಕೇಳಲಿಲ್ಲ. ಬಸ್ ನಿಲ್ದಾಣದ ತನಕ ನಡೆದ ಮೇಲೆ ಅವಳೇ, "ದೊಡ್ಡಪ್ಪಾ, ನಿಮ್ಮ ಹಂತೇಲಿ ಇರೋವಂಥ ಚೀಟಿ ನನಗೂ ಒಂದು ಬರಿಸಿ ಕೊಡ್ತೀರಿ?" ಎಂದಳು.