ಸೊನ್ನೆಯ ಕೆಳಗೂ ನೀರೇ

ಫ್ರೀಜರಿನ ಬಾಗಿಲ ಸಂದಿಯಿಂದ ಒಂದು ಸಣ್ಣ ಕಪ್ಪು ವೈರು ಹೊರಗೆ ಇಳಿದಿದೆ. ಅದರ ತುದಿಯ ಡಿಜಿಟಲ್ ಥರ್ಮಾಮೀಟರ್ 4.1 ಎಂದು ತೋರಿಸುತ್ತಿದೆ. ಆಗಿನಿಂದಲೂ ಅಷ್ಟೇ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ, ಹೊರಗೆ 40 ದಾಟಿದೆ, ಅಡುಗೆಕಟ್ಟೆಯ ಗ್ರಾನೈಟ್ ಕೂಡ ಕೈಗೆ ಬೆಚ್ಚಗೆ ತಾಗುತ್ತಿದೆ. ಫ್ರಿಜ್ ಕೆಟ್ಟಿತೇ ಎಂದು ನೀವು ಸ್ಟೆಬಿಲೈಸರ್ ಕಡೆ ನೋಡುತ್ತೀರಿ. ಕೆಟ್ಟಿಲ್ಲ. ನೀರು ಅತಿ ಹೆಚ್ಚು ಸಾಂದ್ರವಾಗುವುದು 4 ಡಿಗ್ರಿಯಲ್ಲಿ. ಆ ನೀರು ಒಳಗಿಟ್ಟ ಬಾಟಲಿಯ ತಳ ಹಿಡಿದು ಕೂತಿದೆ, ವೈರಿನ ಇನ್ನೊಂದು ತುದಿಯೂ ಅಲ್ಲೇ ಇದೆ.

ಒಳಗಿರುವುದು ಅರ್ಧ ಲೀಟರಿನ ಮೂರು ಪ್ಲಾಸ್ಟಿಕ್ ಬಾಟಲಿ. ಒಂದು ಅಂಗಡಿಯಿಂದ ತಂದ, ಸೀಲು ಒಡೆಯದ ನೀರು. ಇನ್ನೊಂದರಲ್ಲಿ ಯುಪಿಎಸ್ ಬ್ಯಾಟರಿಗೆಂದು ತಂದಿಟ್ಟಿದ್ದ ಡಿಸ್ಟಿಲ್ಡ್ ವಾಟರ್. ಮೂರನೆಯದರ ಬಾಯಲ್ಲಿ ವೈರು ಇಳಿಬಿಟ್ಟಿದೆ. ಒಳಗಿನ ಸುದ್ದಿ ಹೊರಗೆ ಹೇಳುವ ಬೇಹುಗಾರ ಅದು. ಬೋರ್‌ವೆಲ್ ನೀರನ್ನು ಬೇಕೆಂದೇ ದೂರ ಇಟ್ಟಿದ್ದೀರಿ. ಅದರ ಉಪ್ಪಿಗಿಂತ ಅದರಲ್ಲಿ ತೇಲುವ ಮಣ್ಣಿನ ಕಣಗಳದ್ದೇ ತಕರಾರು. ಬಾಟಲಿಗಳ ಅಡಿಗೆ ಮಡಚಿದ ಟವೆಲ್ ಇದೆ: ಕಂಪ್ರೆಸರಿನ ನಡುಕ ತಾಗಬಾರದು, ಹಿಮ ಕಟ್ಟಿದ ತಗಡಿಗೆ ಮೈ ಅಂಟಬಾರದು. ಇನ್ನು ಬಾಗಿಲು ತೆರೆಯುವ ಹಾಗಿಲ್ಲ.

3.2. 1.8. ಈಗ ಬೇಗ ಬೇಗ ಇಳಿಯುತ್ತಿದೆ. 0.3. ಸೊನ್ನೆ.

ಇಲ್ಲಿ ನಿಲ್ಲಬೇಕು, ಶಾಲೆಯಲ್ಲಿ ಕಲಿತದ್ದು ಹಾಗೆ. ನಿಲ್ಲುವುದಿಲ್ಲ. ಮೈನಸ್ 1, ಮೈನಸ್ 2.5, ಮೈನಸ್ 4. ನೀವು ಕುರ್ಚಿ ಎಳೆದು ಕೂರುತ್ತೀರಿ. ಮೈನಸ್ 6.8ರಲ್ಲಿ ಅಂಕಿ ಒಮ್ಮೆ ತಡವರಿಸುತ್ತದೆ. ಮರುಕ್ಷಣ ಮೈನಸ್ 3, ಆಮೇಲೆ ಮೈನಸ್ 0.2. ಏರಿತು! ಮಗಳು ನಿಮ್ಮತ್ತ ತಿರುಗುತ್ತಾಳೆ, ಕರೆಂಟು ಹೋಯಿತೇ ಎಂದು. ಇಲ್ಲ, ಕಂಪ್ರೆಸರ್ ಗುರುಗುಡುತ್ತಲೇ ಇದೆ. ಫ್ರೀಜರಿನೊಳಗಿನ ಗಾಳಿ ಇನ್ನೂ ಮೈನಸ್ 18ರ ಸುಮಾರಿನಲ್ಲಿದೆ. ಆದರೂ ಬಾಟಲಿಯ ನೀರು ಬಿಸಿಯಾಗಿದೆ, ಯಾಕೆಂದರೆ ಅದು ಈಗ ಹೆಪ್ಪುಗಟ್ಟುತ್ತಿದೆ.

ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸೋಜಿಗವೆನಿಸುವುದು ಈ ಏರಿಕೆ. ಕಣ್ಣಿಗೆ ಹಬ್ಬ ಮಾಡುವ ವಿಡಿಯೊಗಳಲ್ಲಿ ಅದು ಸಿಗುವುದಿಲ್ಲ, ನೂರಿನ್ನೂರು ರೂಪಾಯಿಯ ಥರ್ಮಾಮೀಟರಿನಲ್ಲಿ ಸಿಗುತ್ತದೆ. ಒಂದು ಗ್ರಾಂ ನೀರು ಮಂಜುಗಡ್ಡೆಯಾಗುವಾಗ ಸುಮಾರು 334 ಜೂಲ್ ಶಾಖವನ್ನು ಹೊರಗೆ ಬಿಡುತ್ತದೆ. ಅದೇ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಜೂಲ್ ಸಾಕು. ಹಾಗಾಗಿ ಮೈನಸ್ 7ರ ನೀರಿನಲ್ಲಿ ಹತ್ತನೇ ಒಂದು ಭಾಗಕ್ಕಿಂತ ತುಸು ಕಡಿಮೆ ಗಟ್ಟಿಯಾದರೂ ಉಳಿದದ್ದೆಲ್ಲ ಸೊನ್ನೆಗೆ ಏರಿಬಿಡುತ್ತದೆ. ಅಲ್ಲಿಗೆ ಓಟ ನಿಂತಿತು.

ಬೇಹುಗಾರ ಹೆಪ್ಪಾದನೆಂದರೆ ಉಳಿದಿಬ್ಬರೂ ತಯಾರಿರಬೇಕು. ಬಾಗಿಲು ತೆರೆಯಿರಿ, ಮೆಲ್ಲಗೆ. ಮೊದಲು ಡಿಸ್ಟಿಲ್ಡ್ ವಾಟರ್. ಕುತ್ತಿಗೆ ಹಿಡಿದು ಎತ್ತಿದರೆ ಒಳಗೆ ತಿಳಿನೀರು, ಓಲಾಡುತ್ತಿದೆ. ಏಪ್ರಿಲ್ ಗಾಳಿ ತಾಗಿ ಹೊರಮೈ ಮಸುಕಾಗುತ್ತದೆ. ಹೆಬ್ಬೆರಳಿನಿಂದ ಒರೆಸಿ ನೋಡಿ: ಒಂದು ಎಳೆ ಮಂಜೂ ಇಲ್ಲ. ಈಗ ತಳವನ್ನು ಕಟ್ಟೆಗೆ ಒಮ್ಮೆ ಕುಟ್ಟಿ.

ನೀರಿನ ಮೇಲ್ಭಾಗದಲ್ಲಿ ಒಂದು ಬಿಳಿ ಗರಿ ಮೂಡುತ್ತದೆ. ಗರಿಗೆ ಕವಲು, ಕವಲಿಗೆ ಕವಲು. ಮಸುಕು ಬಿಳುಪು ಮೇಲಿಂದ ಕೆಳಕ್ಕೆ ಇಳಿದು ಕೆಲವೇ ಸೆಕೆಂಡುಗಳಲ್ಲಿ ತಳ ಮುಟ್ಟುತ್ತದೆ. ಬಾಟಲಿ ಪೂರ್ತಿ ಗಟ್ಟಿಯಾಯಿತೆಂದು ಕಣ್ಣು ಹೇಳುತ್ತದೆ. ನಂಬಬೇಡಿ. ಹಿಂಡಿದರೆ ಪಿಚಪಿಚ ಎನ್ನುತ್ತದೆ. ಆ ಅರ್ಧ ಲೀಟರಿನಲ್ಲಿ ಮಂಜುಗಡ್ಡೆ ಇರುವುದು ಹೆಚ್ಚೆಂದರೆ 45 ಗ್ರಾಂ.

ಕುಟ್ಟಿದ್ದಕ್ಕೆ ನೀರು ಯಾಕೆ ಶರಣಾಯಿತು? ರಂಗೋಲಿಗೆ ಮೊದಲ ಚುಕ್ಕಿ ಬೇಕಾದ ಹಾಗೆ ಮಂಜಿಗೂ ಒಂದು ಆರಂಭ ಬೇಕು: ಅಣುಗಳು ಮಂಜಿನ ಜೋಡಣೆಗೆ ಬಂದು ನಿಲ್ಲುವ ಒಂದು ಸಣ್ಣ ಗುಂಪು. ತೀರಾ ಚಿಕ್ಕ ಗುಂಪು ಕಟ್ಟುತ್ತಲೇ ಕರಗಿ ಹೋಗುತ್ತದೆ. ಧೂಳಿನ ಕಣ, ಬಾಟಲಿಯೊಳಗಿನ ಗೀರು, ಕೆಲವು ಬ್ಯಾಕ್ಟೀರಿಯಾಗಳ ಮೈ ಅದಕ್ಕೆ ಆಸರೆ ಕೊಡುತ್ತವೆ. ಕುಟ್ಟಿದ ಪೆಟ್ಟೂ ಆ ಕೆಲಸ ಮಾಡಬಲ್ಲದು. ಇವು ಯಾವುವೂ ಇಲ್ಲದ, ತೀರಾ ಶುದ್ಧವಾದ ಸಣ್ಣ ಹನಿಗಳು ಮೈನಸ್ 38ರ ಆಸುಪಾಸಿನವರೆಗೂ ನೀರಾಗಿಯೇ ಉಳಿಯುತ್ತವೆ.

ಸೊನ್ನೆಯ ಕೆಳಗೂ ನೀರಾಗಿಯೇ ಉಳಿಯುವ ಈ ಅತಿಶೀತಲ ಸ್ಥಿತಿಯನ್ನು ಮೊದಲು ದಾಖಲಿಸಿದವನು ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್. ಹೌದು, ಜ್ವರ ನೋಡುವಾಗ ಡಾಕ್ಟರರ ಬಾಯಲ್ಲಿ ಬರುವ ಹೆಸರಿನವನೇ. 1721ರ ಚಳಿಯಲ್ಲಿ ಕುದಿಸಿದ ಮಳೆನೀರನ್ನು ಗಾಜಿನ ಬುರುಡೆಯಲ್ಲಿ ತುಂಬಿ, ಗಾಳಿ ತೆಗೆದು ಮುಚ್ಚಿ, ರಾತ್ರಿಯಿಡೀ ಹೊರಗಿಟ್ಟ. ಅವನದೇ ಮಾನದಲ್ಲಿ 15 ಡಿಗ್ರಿ, ಅಂದರೆ ಮೈನಸ್ 9ಕ್ಕೂ ಕೆಳಗೆ. ಬೆಳಗ್ಗೆ ನೋಡಿದರೆ ನೀರು ನೀರೇ. ಬುರುಡೆಯ ತುದಿ ಮುರಿದದ್ದೇ ತಡ, ಒಳಗೆಲ್ಲ ಮಂಜಿನ ಪದರ. ಗಾಳಿ ಹೊಕ್ಕಿದ್ದೇ ಕಾರಣವೆಂದುಕೊಂಡ. ಇನ್ನೊಮ್ಮೆ ಅಂಥದೇ ಬುರುಡೆ ಹಿಡಿದು ಹೋಗುವಾಗ ಮೆಟ್ಟಿಲ ಮೇಲೆ ಎಡವಿದ. ಗಾಜು ಒಡೆಯಲಿಲ್ಲ, ನೀರು ಕುಲುಕಿ ಹೆಪ್ಪಾಯಿತು. ಗಾಳಿಯ ವಾದ ಅಲ್ಲಿಗೆ ಬಿತ್ತು.

ಉಳಿದದ್ದು ಅಂಗಡಿ ಬಾಟಲಿ. ಅದನ್ನು ಕುಟ್ಟುವುದು ಬೇಡ. ಸ್ಟೀಲ್ ತಟ್ಟೆಯಲ್ಲಿ ಒಂದು ಐಸ್ ತುಂಡಿಟ್ಟು, ಮುಚ್ಚಳ ನಿಧಾನ ತಿರುಗಿಸಿ, ತೆಳ್ಳಗೆ ಸುರಿಯಿರಿ. ನೀರು ತಟ್ಟೆಯಲ್ಲಿ ಹರಡುವುದಿಲ್ಲ. ಐಸಿಗೆ ತಾಗಿದಲ್ಲೇ ನಿಂತು, ಮೇಲಕ್ಕೆ ಏರುತ್ತದೆ. ಒಂದು ಅಂಗುಲ, ಎರಡು ಅಂಗುಲ, ಒಂದು ಕಡೆಗೆ ವಾಲುವ ಬಿಳಿ ಹುತ್ತ. ಇಲ್ಲಿ ಆರಂಭ ಹುಡುಕಬೇಕಾಗಿಲ್ಲ, ತಯಾರಾದ ಮಂಜೇ ಎದುರಿಗಿದೆ.

ಬೇಹುಗಾರನನ್ನು ಹೊರಗೆ ತೆಗೆಯಲು ಮತ್ತೆ ಬಾಗಿಲು ತೆರೆದಾಗ ಮಗಳು ಒಳಗೆ ಉಸಿರು ಊದುತ್ತಾಳೆ. ಹೊಗೆಯಂತೆ ಸುಳಿಯುವ ಆ ಮಬ್ಬು ಕೂಡ ಇದೇ ಜಾತಿಯದು. 1946ರಲ್ಲಿ ಅಮೆರಿಕದ ಶೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ವಿನ್ಸೆಂಟ್ ಶೇಫರ್ ಹೀಗೇ ಒಂದು ಫ್ರೀಜರಿನೊಳಗೆ ಉಸಿರು ಬಿಟ್ಟು ಮೋಡ ಮಾಡಿದ್ದ. ತಣಿವು ಸಾಲದೆ ಡ್ರೈ ಐಸ್ ಹಾಕಿದಾಗ ಆ ಅತಿಶೀತಲ ಹನಿಗಳು ಮಿನುಗುವ ಮಂಜಿನ ಹರಳುಗಳಾದವು. ಅದೇ ವರ್ಷ ಅವನ ಸಹೋದ್ಯೋಗಿ ಬರ್ನಾರ್ಡ್ ವಾನೆಗಟ್ ಬೆಳ್ಳಿಯ ಅಯೊಡೈಡ್ ಕೂಡ ಮೊದಲ ಚುಕ್ಕಿಯಾಗಬಲ್ಲದೆಂದು ಕಂಡುಕೊಂಡ. ಅದರ ಹರಳಿನ ಜೋಡಣೆ ಮಂಜಿನದಕ್ಕೆ ಬಹಳ ಹತ್ತಿರ. 2017ರಲ್ಲಿ ಮಳೆ ಬರಿಸಲೆಂದು ನಮ್ಮ ರಾಜ್ಯ ಸರ್ಕಾರದ ವರ್ಷಧಾರಿ ಯೋಜನೆಯ ವಿಮಾನಗಳು ಮೋಡದೊಳಗೆ ಸುಟ್ಟ ಫ್ಲೇರುಗಳಲ್ಲಿ ಅದೂ ಇತ್ತು. ಎಷ್ಟು ಮಳೆ ಬಂತೆಂಬ ಜಗಳ ಬೇರೆ.

ಮಗಳ ಚಮಚ ತಟ್ಟೆಯ ಹುತ್ತಕ್ಕೆ ಬಿದ್ದಾಗಿದೆ. ತಿನ್ನಲಿ, ಅದು ಕುಡಿಯುವ ನೀರು. ನಿಂಬೆರಸ, ಸಕ್ಕರೆ ಬೇಕಾದರೆ ಮೇಲೆ ಹಾಕಿ. ಬ್ಯಾಟರಿ ನೀರಿನ ಬಾಟಲಿಯನ್ನು ಮಾತ್ರ ಅವಳ ಕೈಗೆ ಸಿಗದಂತೆ ಸಿಂಕಿಗೆ ಸುರಿದುಬಿಡಿ. ಅವಳ ಮುಂದಿನ ಬೇಡಿಕೆ ಗೋಲಿ ಸೋಡಾ: ಗೋಲಿ ಒತ್ತಿದ ಕೂಡಲೇ ಹೆಪ್ಪಾಗಬೇಕಂತೆ. ಆಸೆ ಒಳ್ಳೆಯದೇ, ಮುಚ್ಚಳ ತೆರೆದಾಗ ಏಳುವ ಗುಳ್ಳೆಗಳಿಗೆ ಆ ಶಕ್ತಿಯಿದೆ. ಆದರೆ ನೀರು ಮಂಜಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಗಾಜು ಹಿಗ್ಗುವುದಿಲ್ಲ. ಅಂಗಡಿಯಲ್ಲಿ ಪ್ಲಾಸ್ಟಿಕ್ ಬಾಟಲಿಯ ಸೋಡಾ ಇದೆಯೇ ನೋಡಿಕೊಂಡು ಬಾ ಎಂದು ಇಪ್ಪತ್ತು ರೂಪಾಯಿ ಕೊಟ್ಟು ಕಳಿಸುತ್ತೀರಿ. ಅವಳು ಬರುವುದರೊಳಗೆ ಟವೆಲ್ ಒಣಗಿಸಿ ಮತ್ತೆ ಹಾಸಬೇಕು.