ಗೌರಮ್ಮನನ್ನು ಒಲ್ಲದ ರಾಜನ ಊರು

ಮಡಿಕೇರಿಯ ಗದ್ದುಗೆಯನ್ನು ನೀವೆಲ್ಲ ನೋಡಿದ್ದೀರಿ. ದೊಡ್ಡವೀರರಾಜೇಂದ್ರ ಅಲ್ಲಿದ್ದಾನೆ, ಲಿಂಗರಾಜೇಂದ್ರನೂ ಇದ್ದಾನೆ. ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರ ಮಾತ್ರ ಇಲ್ಲ. 1834ರಲ್ಲಿ ಕಂಪನಿ ಸರ್ಕಾರ ಅವನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿತು. ತನ್ನ ಹಣ ತನಗೆ ಕೊಡಿ ಎಂದು ಕೇಳಲು 1852ರಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋದ. ಜೊತೆಯಲ್ಲಿ ಸುಮಾರು 11 ವರ್ಷದ ಮಗಳು ಗೌರಮ್ಮ. ಮಾಸ್ತಿಯವರ ಕಾದಂಬರಿಯಿಂದ ಅರಸನ ಹೆಸರು ನಾಡಿಗೆಲ್ಲ ಗೊತ್ತು. ಮಗಳ ಹೆಸರು ಅಷ್ಟು ಗೊತ್ತಿಲ್ಲ. ಆ ಹುಡುಗಿಯ ಎಳೆ ಹಿಡಿದೇ ನಾನು ಇಂಗ್ಲೆಂಡಿನ ಥೆಟ್‌ಫರ್ಡ್ ಎಂಬ ಊರಿಗೆ ಹೋದದ್ದು.

ಅಲ್ಲಿಗೆ ಯಾಕೆ ಹೋಗುತ್ತೀರಿ ಎಂದು ಕೇಂಬ್ರಿಜ್‌ನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ಕೇಳಿದಳು. ನಾರಿಚ್‌ಗೆ ಹೋಗುವ ರೈಲಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದಾಳೆ, ಇಳಿದದ್ದಿಲ್ಲ. ಅವಳ ಸ್ನೇಹಿತರಲ್ಲಿ ಯಾರೂ ಇಳಿದವರಲ್ಲ. ಅಕ್ಟೋಬರಿನ ಒಂದು ಶನಿವಾರ ಅವಳನ್ನೂ ಎಬ್ಬಿಸಿಕೊಂಡು ಹೊರಟೆ. ಈಲಿ ದಾಟಿದ ಮೇಲೆ ನೆಲ ಬದಲಾಗುತ್ತದೆ. ಜೌಗು ಬಯಲಿನ ಕಪ್ಪು ಮಣ್ಣು ಹೋಗಿ ಮರಳು, ಪೈನ್ ಮರಗಳ ಕಾಡು. ಮೊದಲ ಮಹಾಯುದ್ಧದಲ್ಲಿ ಮರಕ್ಕೆ ಬರ ಬಂದು, ಆಮೇಲೆ ಸರ್ಕಾರ ನೆಟ್ಟು ಬೆಳೆಸಿದ ಕಾಡು ಅದು. ಅದಕ್ಕೂ ಮುಂಚೆ ಆ ಮರಳಿನಲ್ಲಿ ಮಠದವರು ಮೊಲ ಸಾಕುತ್ತಿದ್ದರಂತೆ, ಮಾಂಸಕ್ಕೂ ತುಪ್ಪಟಕ್ಕೂ.

ಊರಿನ ಹಳೆಯ ಕಟ್ಟಡಗಳು ಬಹುಮಟ್ಟಿಗೆ ಚಕಮಕಿ ಕಲ್ಲಿನವು. ಒಡೆದ ಮುಖ ಹೊರಗೆ ಕಾಣುವಂತೆ ಕೂರಿಸಿರುತ್ತಾರೆ. ಬಿಸಿಲು ಬಿದ್ದರೆ ಹುಣಸೆ ಬೀಜದ ಹಾಗೆ ಹೊಳೆಯುತ್ತದೆ. ಪೇಟೆ ಬೀದಿಯಲ್ಲಿ ಅರ್ಧ ಅಂಗಡಿಗಳು ಬಾಗಿಲು ಹಾಕಿದ್ದವು. ನನ್ನ ಸೋದರ ಸೊಸೆಯ ಮುಖ ನೋಡಿದೆ. ಅವಳು ಏನೂ ಹೇಳಲಿಲ್ಲ.

ಆದರೆ ಈ ಊರು ಒಂದು ಕಾಲಕ್ಕೆ ಏನಾಗಿತ್ತು ಗೊತ್ತೇ? ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನ ದೊಡ್ಡ ಪಟ್ಟಣಗಳಲ್ಲಿ ಒಂದು. ನಾರ್ಮನ್ನರು ಗೆದ್ದ ಮೇಲೆ ಬಿಷಪ್ಪರ ಪೀಠವೇ ಇಲ್ಲಿಗೆ ಬಂತು. ಇಪ್ಪತ್ತು ಇಪ್ಪತ್ತೈದು ವರ್ಷದಲ್ಲಿ ನಾರಿಚ್‌ಗೆ ಹೊರಟುಹೋಯಿತು. ಆಮೇಲೆ ರೋಜರ್ ಬಿಗಾಡ್ ಎಂಬ ದೊರೆ ಕ್ಲೂನಿ ಪಂಥದ ದೊಡ್ಡ ಮಠ ಕಟ್ಟಿಸಿದ. ನಾರ್ಫಕ್‌ನ ಡ್ಯೂಕ್‌ಗಳನ್ನು ಅಲ್ಲೇ ಮಣ್ಣು ಮಾಡುತ್ತಿದ್ದರು, ಎಂಟನೆಯ ಹೆನ್ರಿಯ ಹೊರಮಗ ಹೆನ್ರಿ ಫಿಟ್ಜ್‌ರಾಯ್‌ನನ್ನೂ ಅಲ್ಲೇ ಮಾಡಿದ್ದರು. 1540ರಲ್ಲಿ ಎಂಟನೆಯ ಹೆನ್ರಿಯೇ ಮಠ ಮುಚ್ಚಿಸಿದ. ಡ್ಯೂಕ್ ತನ್ನವರ ಸಮಾಧಿಗಳನ್ನು ಫ್ರಾಮ್ಲಿಂಗಮ್‌ಗೆ ಸಾಗಿಸಿಕೊಂಡ. ಈಗ ಹುಲ್ಲಿನ ಮೇಲೆ ಮುರಿದ ಗೋಡೆಗಳಿವೆ. ಕಾವಲಿಲ್ಲ, ಟಿಕೆಟ್ಟಿಲ್ಲ. ನಾವು ಹೋದಾಗ ಮಠದವರು ನಿಂತು ಹಾಡುತ್ತಿದ್ದ ಜಾಗದಲ್ಲಿ ಹುಡುಗರು ಚೆಂಡಾಡುತ್ತಿದ್ದರು. ಆಡಲಿ, ನನಗೆ ಖುಷಿಯೇ ಆಯಿತು.

1979ರಲ್ಲಿ ಇಲ್ಲಿ ರೋಮನ್ ಕಾಲದ ಚಿನ್ನದ ಉಂಗುರ, ಬೆಳ್ಳಿಯ ಚಮಚಗಳ ನಿಧಿ ಸಿಕ್ಕಿತು. ಅದೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಯಿತು. ಜಗತ್ತಿಗೆಲ್ಲ ಹಬೆಯ ಎಂಜಿನ್ ಮಾಡಿ ಕಳಿಸಿದ ಬರೆಲ್ ಕಾರ್ಖಾನೆ ಎಂದೋ ಮುಚ್ಚಿತು. ಬಂದದ್ದೆಲ್ಲ ಹೋಗುತ್ತಲೇ ಇದ್ದ ಊರು.

ಕಿಂಗ್ ಸ್ಟ್ರೀಟ್‌ನಲ್ಲಿ ಒಂದು ಚಿನ್ನದ ಬಣ್ಣದ ಪ್ರತಿಮೆ ಇದೆ. ಥಾಮಸ್ ಪೇನ್. 1737ರಲ್ಲಿ ಇಲ್ಲೇ ಹುಟ್ಟಿದವನು, ಹೆಂಗಸರ ಒಳಕವಚ ಹೊಲಿಯುವವನ ಮಗ. ಅಮೆರಿಕಕ್ಕೆ ಹೋಗಿ 1776ರಲ್ಲಿ ಹೊರತಂದ ಸಣ್ಣ ಪುಸ್ತಕದಿಂದ ಅಲ್ಲಿನವರಿಗೆ ಸ್ವಾತಂತ್ರ್ಯದ ಹುಚ್ಚು ಹಿಡಿಸಿದ. ಮನುಷ್ಯನ ಹಕ್ಕುಗಳ ಬಗ್ಗೆ ಬರೆದ ಪುಸ್ತಕಕ್ಕಾಗಿ ಇಂಗ್ಲೆಂಡ್ 1792ರಲ್ಲಿ, ಅವನಿಲ್ಲದಾಗಲೇ, ರಾಜದ್ರೋಹದ ಮೊಕದ್ದಮೆ ನಡೆಸಿ ತಪ್ಪಿತಸ್ಥ ಎಂದಿತು. ನಮ್ಮ ಪುಣೆಯ ಜೋತಿಬಾ ಫುಲೆ ಎಳೆ ಪ್ರಾಯದಲ್ಲಿ ಓದಿ ಎಚ್ಚೆತ್ತದ್ದು ಅದೇ ಪುಸ್ತಕ. ಪ್ರತಿಮೆ 1964ರದು, ಅಮೆರಿಕದ ಅಭಿಮಾನಿಗಳು ಕೊಟ್ಟದ್ದು. ಕೈಯಲ್ಲಿ ಗರಿಯ ಲೇಖನಿ, ಇನ್ನೊಂದು ಕೈಯಲ್ಲಿ ಆ ಪುಸ್ತಕ, ತಲೆಕೆಳಗಾಗಿ. ಶಿಲ್ಪಿ ಚಾರ್ಲ್ಸ್ ವೀಲರ್ ಬೇಕೆಂದೇ ಹಾಗೆ ಮಾಡಿದನಂತೆ, ನಿಂತು ನೋಡಿದವರು ಮಾತಾಡಲಿ ಎಂದು. ನಾವೂ ನಿಂತು ಮಾತಾಡಿದೆವು.

ಅಲ್ಲಿಂದ ನಾಲ್ಕು ಹೆಜ್ಜೆ ವೈಟ್ ಹಾರ್ಟ್ ಸ್ಟ್ರೀಟ್. ಅಲ್ಲಿ 1490ರ ಸುಮಾರಿನ ಮರದ ಚೌಕಟ್ಟಿನ ಮನೆಯೊಂದು ವಸ್ತುಸಂಗ್ರಹಾಲಯವಾಗಿದೆ. ಓಕ್ ಮರದ ತೊಲೆಗಳ ತುಂಬ ಕೆತ್ತನೆ. ಈ ಮನೆಯನ್ನು 1921ರಲ್ಲಿ ಊರಿಗೆ ದಾನ ಕೊಟ್ಟವನ ಹೆಸರು ಪ್ರಿನ್ಸ್ ಫ್ರೆಡರಿಕ್ ದುಲೀಪ್ ಸಿಂಗ್.

ಈಗ ಗೌರಮ್ಮನಿಗೆ ಬರುತ್ತೇನೆ.

ಲಂಡನ್ನಿನಲ್ಲಿ ಆ ಮಗುವಿಗೆ ಕ್ರೈಸ್ತ ದೀಕ್ಷೆ ಕೊಡಿಸಿದರು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ತನ್ನ ಹೆಸರನ್ನೇ ಇಟ್ಟಳು: ವಿಕ್ಟೋರಿಯಾ ಗೌರಮ್ಮ. ಎರಡು ವರ್ಷದ ಮೇಲೆ, 1854ರಲ್ಲಿ, ಇನ್ನೊಬ್ಬ ಹುಡುಗ ಬಂದ: ಲಾಹೋರಿನ ಮಹಾರಾಜ ರಣಜಿತ್ ಸಿಂಗನ ಕಿರಿಯ ಮಗ ದುಲೀಪ್ ಸಿಂಗ್. ಐದನೆಯ ವಯಸ್ಸಿಗೆ ಪಟ್ಟ, ಹತ್ತು ತುಂಬಿದ ವರುಷ ರಾಜ್ಯವೂ ಕೊಹಿನೂರೂ ಬ್ರಿಟಿಷರ ಪಾಲು, ತಾಯಿಯಿಂದ ಅಗಲಿಕೆ, ಆಮೇಲೆ ಮತಾಂತರ. ರಾಣಿಗೆ ಇಬ್ಬರ ಮೇಲೂ ಪ್ರೀತಿ ಇತ್ತು, ಸುಳ್ಳಲ್ಲ. ಇಬ್ಬರೂ ಅರಸು ಮಕ್ಕಳು, ಇಬ್ಬರೂ ಕ್ರೈಸ್ತರು, ಮದುವೆ ಮಾಡಿದರೆ ಚೆನ್ನ ಎಂದು ಎಣಿಸಿದಳು. ದುಲೀಪ್ ಒಪ್ಪಲಿಲ್ಲ. ಗೌರಮ್ಮ 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಬೆಲ್‌ನನ್ನು ಮದುವೆಯಾಗಿ, ಒಂದು ಹೆಣ್ಣು ಮಗುವನ್ನು ಹೆತ್ತು, 1864ರಲ್ಲಿ ತೀರಿಕೊಂಡಳು. ಇಪ್ಪತ್ತಮೂರೂ ತುಂಬಿರಲಿಲ್ಲ. ಅದೇ ವರ್ಷ ದುಲೀಪ್ ಅಲೆಕ್ಸಾಂಡ್ರಿಯಾದಲ್ಲಿ ಬಾಂಬಾ ಮುಲ್ಲರ್ ಎಂಬ ಹುಡುಗಿಯನ್ನು ಮದುವೆಯಾಗಿ ಕರೆತಂದ. ತಂದದ್ದು ಥೆಟ್‌ಫರ್ಡಿನ ಪಕ್ಕದ ಎಲ್ವೆಡನ್‌ಗೆ. ಹಿಂದಿನ ವರ್ಷವಷ್ಟೇ ಅಲ್ಲಿ 17,000 ಎಕರೆಯ ಎಸ್ಟೇಟ್ ಕೊಂಡಿದ್ದ.

ನನಗೆ ಅವನ ಮೇಲೆ ಸಿಟ್ಟಿತ್ತೆ? ಇತ್ತು. ಕೊಡಗಿನ ಹುಡುಗಿಯನ್ನು ಬೇಡ ಎಂದವನು! ಆದರೆ ಮ್ಯೂಸಿಯಮ್ಮಿನ ಮಹಡಿಯಲ್ಲಿ ಆ ಮನೆತನದ ಚಿತ್ರಗಳ ಮುಂದೆ ನಿಂತಾಗ ಆ ಸಿಟ್ಟು ಉಳಿಯಲಿಲ್ಲ. ಇನ್ನೊಬ್ಬರು ಜೋಡಿಸಿದ ಬಾಳಿನಲ್ಲಿ ಅವನು ಬೇಡ ಎನ್ನಬಹುದಾಗಿದ್ದದ್ದು ಬಹುಶಃ ಅದೊಂದನ್ನೇ. ಮಕ್ಕಳನ್ನು ನೋಡಿ: ಸೋಫಿಯಾ ಹೆಂಗಸರ ಮತದ ಹಕ್ಕಿಗಾಗಿ ಬೀದಿಗಿಳಿದು, ತೆರಿಗೆ ಕಟ್ಟುವುದಿಲ್ಲ ಎಂದು ಕೋರ್ಟಿಗೂ ಹೋದಳು. ಫ್ರೆಡರಿಕ್ ನಾರ್ಫಕ್‌ನ ಹಳೆಯ ಚರ್ಚು, ಹಳೆಯ ಮನೆ, ಹಳೆಯ ಚಿತ್ರಗಳನ್ನು ಉಳಿಸುತ್ತಾ ಜೀವ ಸವೆಸಿದ. ಅಪ್ಪನ ರಾಜ್ಯ ಕಿತ್ತುಕೊಂಡ ದೇಶ. ಅದರ ಒಂದು ಬಡ ಊರಿಗೆ ಮಗ ಮನೆ ಕೊಟ್ಟು ಹೋಗುತ್ತಾನೆ. ನಾನು ಆ ದಿನ ಕಂಡದ್ದರಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಮಧ್ಯಾಹ್ನ ಒಂದು ಪೋರ್ಚುಗೀಸ್ ಹೋಟೆಲಿನಲ್ಲಿ ಉಂಡೆವು. ಊರಿನಲ್ಲಿ ಪೋರ್ಚುಗೀಸರು ಬಹಳ, ಇತ್ತೀಚಿನ ದಶಕಗಳಲ್ಲಿ ಕೆಲಸ ಹುಡುಕಿ ಬಂದವರು. ಮೊಟ್ಟೆಯ ಕೆನೆ ತುಂಬಿದ ಬಿಸಿ ಬಿಸಿ ಸಿಹಿಕಡುಬು ತಿಂದ ಮೇಲೆ ಸೊಸೆಯ ಮುಖ ಅರಳಿತು. ಆಮೇಲೆ ನಾರ್ಮನ್ನರು ಎತ್ತಿದ ಮಣ್ಣಿನ ಕೋಟೆಗುಡ್ಡ ಹತ್ತಿದೆವು. ಅದರ ಬುಡದಲ್ಲಿ ಮಠದ ಬೆಳ್ಳಿ ಗಂಟೆಗಳು ಹೂತಿವೆ ಎಂದು ಊರಿನವರು ಹೇಳುತ್ತಾರೆ. ಹೋಗದೆ ಉಳಿದದ್ದು ಅದೊಂದಾದರೂ ಇರಲಿ.

ಥೆಟ್ ಮತ್ತು ಲಿಟಲ್ ಔಸ್ ಎಂಬ ಎರಡು ಹೊಳೆಗಳು ಸೇರುವಲ್ಲಿ ಬಟನ್ ದ್ವೀಪ ಎಂಬ ಪುಟ್ಟ ನಡುಗಡ್ಡೆ ಇದೆ. ಕಾಲುಸೇತುವೆ ದಾಟಿದರೆ ವಿಲೋ ಮರಗಳ ನಡುವೆ ಕುದುರೆಯ ಮೇಲೆ ದುಲೀಪ್ ಸಿಂಗ್, ಕಂಚಿನವನು, ಆಳೆತ್ತರ. 1999ರಲ್ಲಿ ಚಾರ್ಲ್ಸ್, ಆಗಿನ್ನೂ ಯುವರಾಜ, ಅನಾವರಣ ಮಾಡಿದ್ದು. ದುಲೀಪ್ ಬದುಕಿನಲ್ಲಿ ಮತ್ತೆ ಕಾಣದ ಕಿರೀಟದ ಠೀವಿಯನ್ನು ಶಿಲ್ಪಿ ಡೆನೀಸ್ ಡಟನ್ ಅವನಿಗೆ ಮರಳಿಸಿದ್ದಾಳೆ.

ಎಲ್ವೆಡನ್‌ಗೆ ಟ್ಯಾಕ್ಸಿ ಹಿಡಿದೆವು, ನಾಲ್ಕು ಮೈಲಿ. ಚಾಲಕನ ತಂದೆತಾಯಿ ಲಂಡನ್ನಿನವರು. 1950ರ ದಶಕದ ಕೊನೆಯಿಂದ ಅಲ್ಲಿನ ಇಕ್ಕಟ್ಟಿನ ಕುಟುಂಬಗಳನ್ನು ಕರೆತಂದು ಇಲ್ಲಿ ಮನೆ ಕೊಟ್ಟರಂತೆ. ‘ಮಹಾರಾಜನನ್ನು ನೋಡಲು ಬಂದಿರಾ?’ ಎಂದು ಅವನೇ ಕೇಳಿದ. ಆ ಊರಿನಲ್ಲಿ ಬರೀ ಮಹಾರಾಜ ಎಂದರೆ ಸಾಕು.

ಅರಮನೆಯ ಒಳಗನ್ನು ದುಲೀಪ್ ಮೊಗಲ್ ಶೈಲಿಯಲ್ಲಿ ಮಾಡಿಸಿದ್ದ. ಅದು ಖಾಸಗಿ ಆಸ್ತಿ. ಅವನ ನಂತರ ಗಿನ್ನೆಸ್ ಮನೆತನ ಕೊಂಡದ್ದು. ಚರ್ಚಿನ ಅಂಗಳಕ್ಕೆ ಮಾತ್ರ ಯಾರು ಬೇಕಾದರೂ ಹೋಗಬಹುದು. 1886ರಲ್ಲಿ ದುಲೀಪ್ ಎಲ್ಲ ಬಿಟ್ಟು ಭಾರತಕ್ಕೆ ಹೊರಟಿದ್ದ. ಏಡನ್‌ನಲ್ಲಿ ತಡೆದರು. ಅಲ್ಲೇ ಮತ್ತೆ ಸಿಖ್ಖನಾದ. 1893ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತಾಗ ದೇಹ ಮಾತ್ರ ಇಲ್ಲಿಗೆ ಬಂತು. ಅವನು, ಬಾಂಬಾ, ಮಗ ಎಡ್ವರ್ಡ್, ಮೂವರೂ ಒಂದೇ ಸಾಲಿನಲ್ಲಿದ್ದಾರೆ.

ಅಲ್ಲಿ ಲೆಸ್ಟರ್‌ನಿಂದ ಬಂದ ಒಂದು ಸಿಖ್ ಕುಟುಂಬ ಇತ್ತು. ಹಿರಿಯ ಹೆಂಗಸು ಹೂವು ಇಟ್ಟು, ನನ್ನತ್ತ ತಿರುಗಿ, ನೀವು ಪಂಜಾಬಿನವರಲ್ಲ, ನಿಮಗೇನು ಇವರ ನಂಟು ಎಂದರು. ಗೌರಮ್ಮನ ಕಥೆ ಹೇಳಿದೆ, ನನ್ನ ಹಿಂದಿಯಲ್ಲಿ, ತಪ್ಪಿದಲ್ಲಿ ಸೊಸೆ ತಿದ್ದುತ್ತಾ. ಅವರು ಪೂರ್ತಿ ಕೇಳಿದರು. ‘ಹಾಗಾದರೆ ನಮ್ಮ ಮನೆಗೆ ಬರಬೇಕಾಗಿದ್ದ ಹೆಣ್ಣು,’ ಎಂದರು. ಸಮಾಧಿ ಎಲ್ಲಿ ಎಂದು ಕೇಳಿದರು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನ ಎಂದೆ. ಮೊಮ್ಮಗನನ್ನು ಕರೆದು ಫೋನಿನಲ್ಲಿ ಬರೆಸಿಕೊಂಡರು, ಹೆಸರಿನ ಒಂದೊಂದು ಅಕ್ಷರವನ್ನೂ ನನ್ನಿಂದ ಹೇಳಿಸಿ. ಮುಂದಿನ ವಾರ ಮಗಳ ಮನೆಗೆ ಲಂಡನ್ನಿಗೆ ಹೋಗುವುದಿದೆ, ನೋಡಿ ಬರುತ್ತೇವೆ ಎಂದರು. ಅಷ್ಟು ಹೊತ್ತಿಗೆ ಟ್ಯಾಕ್ಸಿಯವನು ಹಾರನ್ ಹೊಡೆದ. ಐದರ ರೈಲಿಗೆ ಇನ್ನು ಸಮಯ ಇರಲಿಲ್ಲ, ಓಡಿದೆವು.